ಗುರುವಾರಕ್ಕೆ ಕಾದಿರಿಸಿದ ಯೋಚನೆ

ವೀಣೆ ನಿನ್ನದು, ಬೆರಳು ನಿನ್ನದು; ನಾದವನ್ನು ಮಾತ್ರ ಕೇಳಿದವರಿಗೆಲ್ಲ ಬಿಟ್ಟುಕೊಟ್ಟು ಸುಮ್ಮನೆ ಕುಳಿತಿರುವ ವಾಗ್ದೇವಿ, ನಿನಗೆ ವಂದನೆ. ಆರು ಶತ್ರುಗಳಲ್ಲಿ ಕಡೆಯದಾದ ಮತ್ಸರದ ಕಥೆಯೊಂದನ್ನು ಹೇಳಹೊರಟಿದ್ದೇನೆ. ಹೇಳುವಾಗ ಆ ಶತ್ರು ನನ್ನ ನಾಲಗೆಯ ಮೇಲೆಯೇ ಬಂದು ಕೂರದಂತೆ ನೋಡಿಕೊ. ಕಥೆಯಲ್ಲಿ ಒಳ್ಳೆಯದೇನಾದರೂ ಇದ್ದರೆ, ಅದು ಮೊದಲು ಯಾರ ಬುದ್ಧಿಯಲ್ಲಿ ಹುಟ್ಟಿತೆಂದು ಯಾರೂ ವಿಚಾರಿಸದಿರಲಿ.

ಹೊನ್ನಗುಡ್ಡದಲ್ಲಿ ಚಿನ್ನ ಮುಗಿದು ಒಂದು ತಲೆಮಾರು ಕಳೆದಿತ್ತು. ತುಂಗಭದ್ರೆಯ ಉತ್ತರಕ್ಕೆ, ಕಲ್ಲುಬಂಡೆ ಮತ್ತು ಬಿಸಿಲು ಇವೆರಡೇ ಸಮೃದ್ಧವಾಗಿರುವ ಆ ಸೀಮೆಯಲ್ಲಿ, ಗುಡ್ಡದ ಗರ್ಭವನ್ನು ಕೊರೆದಿದ್ದ ಗಣಿಬಾವಿಗಳು ಬಾಯ್ದೆರೆದುಕೊಂಡು ಉಳಿದಿದ್ದವು. ಚಿನ್ನ ಕೊಡಲಾರದ ಬಾವಿ ಇನ್ನೇನನ್ನು ಕೊಟ್ಟೀತು ಎಂದು ಯಾರೋ ಕೇಳಿದ ಪ್ರಶ್ನೆಯಿಂದ ಅಲ್ಲಿ ಭಾರವಿದ್ಯುತ್ ಕೇಂದ್ರ ಹುಟ್ಟಿತು. ಅದರ ತತ್ತ್ವ ಸರಳ. ಹಗಲಿನ ಬಿಸಿಲಿನಿಂದ ಹುಟ್ಟುವ ವಿದ್ಯುತ್ತು, ಬಾವಿಯ ತಳದಲ್ಲಿರುವ ದೇವಾಲಯದಷ್ಟು ದೊಡ್ಡ ಕಲ್ಲಿನ ಭಾರವನ್ನು ಉಕ್ಕಿನ ಹಗ್ಗಗಳಿಂದ ಮೇಲಕ್ಕೆಳೆಯುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಭಾರವನ್ನು ಮೆಲ್ಲಗೆ ಕೆಳಗಿಳಿಸಿದರೆ, ಹಗ್ಗ ಸುತ್ತಿದ ಗಾಲಿ ತಿರುಗಿ ವಿದ್ಯುತ್ತು ಮರಳಿ ಹುಟ್ಟುತ್ತದೆ. ಬಿಸಿಲನ್ನು ಅಟ್ಟದ ಮೇಲೆ ಎತ್ತಿಟ್ಟು ಸಂಜೆಗೆ ಇಳಿಸಿಕೊಂಡಂತೆ. ಸುತ್ತಲಿನ ಊರುಗಳ ದೀಪಗಳೆಲ್ಲ ಆ ಕಲ್ಲು ಇಳಿಯುವ ವೇಗವನ್ನು ನಂಬಿದ್ದವು.

ಆದರೆ ಕೇಂದ್ರದ ಜನ ಬಾವಿಗಳಿಗಿಂತಲೂ ಹೆಚ್ಚು ಹೆಮ್ಮೆಪಡುತ್ತಿದ್ದದ್ದು ಗುರುವಾರದ ಬೈಠಕ್ಕಿನ ಬಗ್ಗೆ. ಕೆಲಸದಲ್ಲಿ ಬಗೆಹರಿಯದ ತೊಡಕೇನಾದರೂ ಬಂದರೆ, ಅದಕ್ಕೆ ಸಂಬಂಧಪಟ್ಟವರೂ ಪಡದವರೂ ಗುರುವಾರ ಮಧ್ಯಾಹ್ನ ಹಳೆಯ ಹಾಜರಿಕೋಣೆಯಲ್ಲಿ ವೃತ್ತಾಕಾರವಾಗಿ ಕೂರುತ್ತಿದ್ದರು. ನಡೆಸುವವಳು ದಾಕ್ಷಾಯಣಿ. ಅವಳ ಕೈಯಲ್ಲೊಂದು ಸೀಮೆಸುಣ್ಣ, ಹಿಂದೊಂದು ಕರಿಹಲಗೆ. ಅವಳ ನಿಯಮಗಳು ಎರಡೇ. ಹಲಗೆ ತುಂಬುವವರೆಗೆ ಯಾರ ಯೋಚನೆಗೂ ಯಾರೂ 'ಆಗದು' ಎನ್ನಬಾರದು. ಮಾತಾಡುವವರು ಹಿಂದಿನವರ ಮಾತಿಗೆ ಗಂಟುಹಾಕಿಯೇ ಮುಂದುವರಿಯಬೇಕು. ಹಾಗಾಗಿ ಅಲ್ಲಿ ಪ್ರತಿಯೊಬ್ಬರೂ "ಅದರ ಮ್ಯಾಲ ನಂದೊಂದು" ಎಂದೇ ಬಾಯಿ ತೆರೆಯುತ್ತಿದ್ದರು.

ಒಮ್ಮೆ ಗಾಲಿಯೊಂದು ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿದ್ದಾಗ, ನಿಯಂತ್ರಣಕೋಣೆಯ ದಾವಲ್‌ಸಾಬ ಗಂಭೀರವಾಗಿ, "ಬಾವಿತುಂಬ ನೀರ ಬಿಟ್ಟು ಭಾರಕ್ಕ ಈಜ ಕಲಸ್ರಿ ಮೇಡಂರ, ಗಾಲಿ ಆರಾಮ ಆಗ್ತದ" ಎಂದಿದ್ದ. ಎಲ್ಲರೂ ನಕ್ಕರು. ದಾಕ್ಷಾಯಣಿ ಮಾತ್ರ ನಗದೆ ಅದನ್ನೂ ಬರೆದಳು. "ಅದರ ಮ್ಯಾಲ ನಂದೊಂದು" ಎಂದು ಮತ್ತೊಬ್ಬರು, ನೀರಿನ ಹನಿಯನ್ನು ಗಾಲಿಯ ಅಂಚಿಗಷ್ಟೇ ಬಿಡೋಣವೆಂದರು. ಇನ್ನೊಬ್ಬರು ಆ ನೀರನ್ನು ಎಣ್ಣೆ ಮಾಡಿದರು, ಮಗದೊಬ್ಬರು ಎಣ್ಣೆಯನ್ನು ಬತ್ತಿಯಿಂದ ಉಣಿಸಿದರು. ಕಿರುಗುಟ್ಟುವಿಕೆ ನಿಂತಿತು. ನಿಲ್ಲಿಸಿದವರು ಯಾರೆಂದು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಪ್ರಾಚೀನ ತಾರ್ಕಿಕರು ಮಾತುಕತೆಯನ್ನು ಮೂರಾಗಿ ವಿಂಗಡಿಸಿದ್ದರು. ನಿಜವನ್ನು ತಿಳಿಯಲೆಂದು ಆಡುವುದು ವಾದ. ಗೆಲ್ಲಲೆಂದು ಆಡುವುದು ಜಲ್ಪ. ತನ್ನದೇನನ್ನೂ ಮುಂದಿಡದೆ ಎದುರಿನವರದನ್ನು ಕೆಡವಲೆಂದಷ್ಟೇ ಆಡುವುದು ವಿತಂಡ. ದಾಕ್ಷಾಯಣಿ ತರ್ಕಶಾಸ್ತ್ರವನ್ನು ಓದಿದವಳಲ್ಲ. ಆದರೂ ಅವಳ ಬೈಠಕ್ಕಿನಲ್ಲಿ ನಡೆಯುತ್ತಿದ್ದುದು ಅಚ್ಚ ವಾದ.

ಅಂಥ ಕೋಣೆಗೆ ಉನ್ಮೇಷದೀಪ ಬಂತು.

ಅದನ್ನು ತರಿಸಿದವರು ಕೇಂದ್ರದ ಮುಖ್ಯಾಧಿಕಾರಿ ವರದೇಂದ್ರಾಚಾರ್ಯರು. ಹೊಸ ಯೋಚನೆಯೊಂದು ಹೊಳೆಯುವ ಮೊದಲು, ಬಲಗಿವಿಯ ಮೇಲಣ ಮಿದುಳಿನ ಭಾಗದಲ್ಲಿ ಸೂಕ್ಷ್ಮವಾದ ವಿದ್ಯುತ್ತರಂಗವೊಂದು ಏಳುತ್ತದೆ. ಯೋಚಿಸಿದವರಿಗೆ ತಿಳಿಯುವ ಮೊದಲೇ ಅದು ಹಣೆಗೆ ಕಟ್ಟಿದ ಪಟ್ಟಿಗೆ ತಿಳಿಯುತ್ತದೆ. ಕೂಡಲೇ ಅವರ ಮುಂದಿನ ಪುಟ್ಟ ದೀಪ ಬೆಳಗುತ್ತದೆ.

"ಇನ್ನ ಮ್ಯಾಲ ಯಾರ ತಲ್ಯಾಗ ಏನು ಹುಟ್ಟಿತು ಅಂತ ವಾದಾನೇ ಇಲ್ಲ ನೋಡ್ರಿ" ಎಂದು ಆಚಾರ್ಯರು ಕೈ ಉಜ್ಜಿಕೊಂಡರು. "ನ್ಯಾಯವಾದ ಪ್ರಶಂಸೆ. ಎಷ್ಟು ಸಲ ಹತ್ತಿತು ಅಂತ ಯಂತ್ರಾನೇ ಎಣಸ್ತದ."

ದೀಪಕ್ಕೆ ಎರಡು ಸ್ವಭಾವಗಳಿದ್ದವು. ಮೊದಲೇ ಯೋಚಿಸಿ ಮುಗಿಸಿದ ಸಂಗತಿಯನ್ನು ಎಷ್ಟು ಚೆನ್ನಾಗಿ ಹೇಳಿದರೂ ಅದು ಹೊತ್ತಿಕೊಳ್ಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಹೊಸದಾಗಿ ಹೊಳೆಯುವುದೇನೂ ಇರುವುದಿಲ್ಲ. ಇನ್ನೊಬ್ಬರ ಯೋಚನೆಗೆ ಗಂಟುಹಾಕಿದರೆ, ಬಹುಪಾಲು, ಸುಮ್ಮನೆ ಮಿಣುಕಿ ಆರುತ್ತಿತ್ತು.

ಮೊದಲ ವಾರಗಳಲ್ಲಿ ಜನ ಕೌತುಕಪಟ್ಟರು. ಬಳಿಕ ಮಾತಾಡುವವರ ಮುಖ ನೋಡುವುದನ್ನು ಬಿಟ್ಟು ದೀಪಗಳನ್ನು ನೋಡತೊಡಗಿದರು. "ಅದರ ಮ್ಯಾಲ" ಎಂಬ ಮಾತು ಮೊದಲು ವಿರಳವಾಗಿ, ಆಮೇಲೆ ಕೇಳದಂತಾಯಿತು. ಮತ್ತೊಂದು ವಿಚಿತ್ರ ಅಭ್ಯಾಸವೂ ಹುಟ್ಟಿಕೊಂಡಿತು. ಅದು ಆ ಕೇಂದ್ರದವರಿಗಷ್ಟೇ ಸಾಧ್ಯವಾದ ಮರುಳು. ಕೆಲಸದ ನಡುವೆ ಯಾರಿಗಾದರೂ ಯೋಚನೆಯೊಂದರ ತುದಿ ಕಂಡರೆ, ಅದನ್ನು ಪೂರ್ತಿ ಯೋಚಿಸದೆ ಅಲ್ಲಿಗೇ ನಿಲ್ಲಿಸಿಬಿಡುವುದು. ಹೊರಗೆ ಹೊಳೆದು ಮುಗಿದರೆ ಒಳಗೆ ದೀಪ ಹತ್ತದಲ್ಲ! "ಗುರುವಾರಕ್ಕ ಇಡೂದು" ಎಂದು ಅದಕ್ಕೊಂದು ಹೆಸರೂ ಬಂತು. ದಾವಲ್‌ಸಾಬ ಗುಂಡಿಗಳ ಮುಂದೆ ಕುಳಿತು ಜೋರಾಗಿ ಕವಾಲಿ ಹಾಡುತ್ತಿದ್ದರೆ, ಅವನಿಗೆ ಏನೋ ಹೊಳೆಯುವುದರಲ್ಲಿದೆ, ಅದನ್ನವನು ತಡೆಯುತ್ತಿದ್ದಾನೆ ಎಂದೇ ಅರ್ಥ. ಜಗತ್ತಿನ ಬೇರೆಡೆಗಳಲ್ಲಿ ಜನ ಯೋಚನೆ ಬರಲೆಂದು ತಪಸ್ಸು ಮಾಡುತ್ತಾರೆ. ಹೊನ್ನಗುಡ್ಡದವರು ಬಾರದಿರಲೆಂದು ಮಾಡುತ್ತಿದ್ದರು.

ದೀಪಗಳಲ್ಲೆಲ್ಲ ಹೆಚ್ಚು ಸಲ ಬೆಳಗುತ್ತಿದ್ದುದು ಮಹಾನಂದಾಳದು. ಆಕೆ ಹಗ್ಗಗಳ ತಪಾಸಣೆ ಮಾಡುವ ಎಂಜಿನಿಯರು. ದಾಕ್ಷಾಯಣಿಯ ಮೈದುನನ ಹೆಂಡತಿ. ಅಣ್ಣತಮ್ಮಂದಿರಿಬ್ಬರೂ ದೂರದ ಬಿಸಿಲುಫಲಕಗಳ ಬಯಲಿನಲ್ಲಿ ಕೆಲಸಮಾಡುತ್ತ ವಾರಕ್ಕೊಮ್ಮೆ ಬರುತ್ತಿದ್ದರು. ನೆಗೆಣ್ಣಿಯರಿಬ್ಬರೂ ಅತ್ತೆ ಹಂಪಮ್ಮನೊಡನೆ ಕೇಂದ್ರದ ವಸತಿಗೃಹವೊಂದರಲ್ಲಿ ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದರು. ಒಂದು ಗೋಡೆಯ ಆಚೆಗೊಬ್ಬಳು, ಈಚೆಗೊಬ್ಬಳು.

ದಾಕ್ಷಾಯಣಿಯ ದೀಪ ಹತ್ತುತ್ತಿರಲಿಲ್ಲ. ನಡೆಸುವವಳಿಗೂ ಹಣೆಪಟ್ಟಿ ಇರಲೆಂದು ಅವಳೇ ಕೇಳಿ ಕಟ್ಟಿಸಿಕೊಂಡಿದ್ದಳು. ಆದರೆ ಎಲ್ಲರ ಮಾತನ್ನೂ ಕೇಳಿ, ಕೂಡಿಸಿ, ಹಲಗೆಗೆ ಏರಿಸುವ ಮನಸ್ಸಿನಲ್ಲಿ ಯಂತ್ರ ಹುಡುಕುವ ಮಿಂಚು ಏಳುವುದು ಕಷ್ಟ. ವಾರಗಳು ಕಳೆದವು. ಅವಳ ಮುಂದಿನ ದೀಪದ ಗಾಜಿನ ಮೇಲೆ ಸೀಮೆಸುಣ್ಣದ ಧೂಳು ಕೂತಿತು. ಅದನ್ನು ಒರೆಸುವಾಗ ನಾಲ್ಕು ಜನ ನೋಡುತ್ತಿದ್ದಾರೇನೋ ಎನಿಸಿ ಅವಳ ಕಿವಿ ಬಿಸಿಯಾಗುತ್ತಿತ್ತು.

ಲೋಭಿಯು ತನ್ನಲ್ಲಿಲ್ಲದ್ದು ತನಗೆ ಬರಲೆಂದು ಬಯಸುತ್ತಾನೆ. ಮತ್ಸರಿಯ ಬಯಕೆ ಅದಕ್ಕಿಂತ ಬಡವಾದದ್ದು: ತನಗೆ ಬಾರದಿದ್ದರೂ ಸರಿ, ಅವಳಲ್ಲಿ ಇಲ್ಲದಿರಲಿ. ಮಹಾನಂದಾ ಬಾಯಿ ತೆರೆಯುವಾಗಲೆಲ್ಲ ದಾಕ್ಷಾಯಣಿ ತನಗರಿವಿಲ್ಲದೆ ಹಲ್ಲು ಕಚ್ಚುತ್ತಿದ್ದಳು. ದೀಪ ಬೆಳಗಿದರೆ ಸೀಮೆಸುಣ್ಣ ಮುರಿಯುತ್ತಿತ್ತು.

ಆ ದಿನಗಳಲ್ಲಿ ಬೈಠಕ್ಕಿನ ಮುಂದಿದ್ದ ತೊಡಕು ನಡುಬಾವಿಯದು. ಅಲ್ಲಿನ ಭಾರ ಸಂಜೆ ಇಳಿಯುತ್ತಾ, ಒಂದು ನಿರ್ದಿಷ್ಟ ಆಳಕ್ಕೆ ಬಂದೊಡನೆ ಒಮ್ಮೆ ನಡುಗುತ್ತಿತ್ತು. ಆ ನಡುಕಕ್ಕೆ ಸೀಮೆಯ ದೀಪಗಳೆಲ್ಲ ಕಣ್ಣು ಮಿಟುಕಿಸುತ್ತಿದ್ದವು. ಹಗ್ಗ ನೋಡಿದರು, ಗಾಲಿ ನೋಡಿದರು, ಬಾವಿಯ ಗೋಡೆಗೆ ಬಡಿದ ಕಂಬಿಗಳನ್ನೂ ನೋಡಿದರು. ಎಲ್ಲವೂ ನೆಟ್ಟಗಿದ್ದವು.

ಸೋಮವಾರ ಬೆಳಿಗ್ಗೆ ಹಂಪಮ್ಮ ಕಾಯಿಪಲ್ಲೆ ತೆಗೆದುಕೊಂಡು ಒಳಬಂದವಳೇ ಚೀಲ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ದಾಕ್ಷಾ, ಗೇಟಿಗೆ ನಮ್ಮ ನಂದಾಂದು ಫೋಟೋ ಹಚ್ಯಾರವಾ! ಈ ತಿಂಗಳ ಈಕೀದೇ ದೀಪ ಹೆಚ್ಚಿಗೆ ಹತ್ತ್ಯಾವಂತ. ಮಲ್ಲಿಗಿ ಮಾಲಿ ಬ್ಯಾರೆ ಹಾಕ್ಯಾರ. ಮಾಲಿ ಹಾಕಿದ ಫೋಟೋ ನೋಡಿ ನನ್ನ ಜೀವಾನೇ ಹಾರಿತ್ತು ನೋಡು!"

ರೊಟ್ಟಿ ಬಡಿಯುತ್ತಿದ್ದ ದಾಕ್ಷಾಯಣಿ ನಕ್ಕಳು. ನಗು ಇರಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ಇತ್ತೆಂದು ಅವಳಿಗೇ ತಿಳಿದು, ಥಟ್ಟನೆ ನಿಲ್ಲಿಸಿದಳು.

"ನಿಂದು ಯಾವಾಗ ಹಚ್ತಾರ?" ಅತ್ತೆಯ ಪ್ರಶ್ನೆಯಲ್ಲಿ ಕಪಟವಿರಲಿಲ್ಲ.

"ನಾ ಬೈಠಕ್ ನಡಸಾಕಿ, ಅತ್ತಿ. ನಡಸಾಕಿದು ಹಚ್ಚಂಗಿಲ್ಲ."

"ಅದೂ ಖರೇ ಬಿಡು. ಮದಿವಿ ಮಾಡ್ಸೋ ಅಯ್ಯನೋರಿಗೆ ಯಾರರೆ ಬಾಸಿಂಗ ಕಟ್ತಾರೇನು?"

ಅಷ್ಟರಲ್ಲಿ ಮಹಾನಂದಾ ಒದ್ದೆಕೂದಲಿಗೆ ಟವೆಲ್ಲು ಸುತ್ತಿಕೊಂಡು ಬಂದು, "ಅಕ್ಕಾ, ನಿನ್ನ ರೊಟ್ಟಿ ಎರಡು ಡಬ್ಬಿಗೆ ಹಾಕ್ಕೋತೀನಿ. ನನ್ನವು ಬಡ್ಯಾಗೇ ಹರೀತಾವ" ಎಂದಳು.

"ಅಷ್ಟು ದೀಪ ಹತ್ತೋ ತಲಿಗೆ ರೊಟ್ಟಿ ಬಡಿಯೂದು ಏನು ದೊಡ್ಡದವಾ?"

"ರೊಟ್ಟಿಗೆ ಹಣೆಪಟ್ಟಿ ನಡ್ಯಂಗಿಲ್ಲಕ್ಕಾ. ಅದಕ್ಕ ನಿನ್ನಂಥಾ ಕೈಯೇ ಬೇಕು."

ಹೊಗಳಿಕೆಯೇ ಅದು. ಮತ್ಸರವಿರುವ ಕಿವಿಗೆ ಹೊಗಳಿಕೆಯೂ ಕುಟುಕಾಗಿಯೇ ಕೇಳಿಸುತ್ತದೆ. 'ನಿನಗೆ ರೊಟ್ಟಿ, ನನಗೆ ದೀಪ' ಎಂದಂತಾಯಿತು ದಾಕ್ಷಾಯಣಿಗೆ. ಹಿಟ್ಟಿನ ಕೈಯನ್ನೂ ತೊಳೆಯದೆ ಎದ್ದು ತನ್ನ ಕೋಣೆಗೆ ಹೋಗಿ, ಬಾಗಿಲನ್ನು ಗೋಡೆ ಅದುರುವಂತೆ ಬಡಿದು ಹಾಕಿಕೊಂಡಳು.

ಆಚೆಯಿಂದ ಹಂಪಮ್ಮನ ದನಿ ಬಂತು. "ಯವ್ವಾ, ಇದೇನು ಮನಿ ಕಟ್ಯಾರೋ! ಒಬ್ಬಾಕಿ ಬಾಗಲಾ ಹಾಕಿದ್ರ ಇನ್ನೊಬ್ಬಾಕಿ ಬಾಗಲಾ ತೆರೀತದ. ನಂದಾ, ನಿನ್ನ ಕ್ವಾಣಿ ಬಾಗಲಾ ಮುಂದ ಮಾಡು, ಬೆಕ್ಕ ಹೋಗ್ತದ."

ದಾಕ್ಷಾಯಣಿ ತಲೆಯೆತ್ತಿದಳು. ಎರಡು ಕೋಣೆಗಳ ನಡುವಿನ ಗೋಡೆಯ ಮೇಲ್ತುದಿಯಲ್ಲಿ ಒಂದು ಹಳೆಯ ಗವಾಕ್ಷಿಯಿತ್ತು. ಅದಕ್ಕೆ ಹಚ್ಚಿದ್ದ ರಟ್ಟು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು. ಅವಳು ಬಾಗಿಲನ್ನು ತೆರೆದು ಮತ್ತೆ ಜೋರಾಗಿ ಹಾಕಿದಳು. ರಟ್ಟು ಪಟಪಟನೆ ಬಡಿದುಕೊಂಡಿತು. ಗೋಡೆಯಾಚೆ ಮಹಾನಂದಾಳ ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಇಲ್ಲಿ ತಳ್ಳಿದ ಗಾಳಿ ಅಲ್ಲಿ ಹೋಗಿ ನೂಕುತ್ತಿದೆ. ಮುಚ್ಚಿದೆ ಎಂದು ಎಲ್ಲರೂ ತಿಳಿದಿರುವ ಕಿಂಡಿಯೊಂದರ ಮೂಲಕ. ಹಾಗಾದರೆ ನಡುಬಾವಿಯಲ್ಲಿ—

ಬಲಗಿವಿಯ ಮೇಲೆ ಇರುವೆ ಹರಿದಂತಾಯಿತು.

ಅವಳು ಬೆದರಿ ಅತ್ತಿತ್ತ ನೋಡಿದಳು. ಹಣೆಯಲ್ಲಿ ಪಟ್ಟಿಯಿಲ್ಲ, ಮುಂದೆ ದೀಪವಿಲ್ಲ, ನೋಡುವವರಿಲ್ಲ. ಇದು ಇಲ್ಲಿ ಹೊಳೆದು ಮುಗಿದರೆ ಯಾವ ಪ್ರಯೋಜನ? ಹೊಳೆಯುವುದಾದರೆ ಗುರುವಾರ, ಎಲ್ಲರೆದುರಿಗೆ, ಮಹಾನಂದಾಳೂ ಇರುವಾಗ. ದಾಕ್ಷಾಯಣಿ ಓಡಿದಂತೆ ಅಡುಗೆಮನೆಗೆ ಬಂದು ಮೊರ ತೆಗೆದುಕೊಂಡು, ಆಗಲೇ ಹಸನು ಮಾಡಿಟ್ಟಿದ್ದ ಬೇಳೆಯಲ್ಲಿ ಕಲ್ಲು ಹುಡುಕತೊಡಗಿದಳು. ಬಾಯಲ್ಲಿ ಸ್ತೋತ್ರ. ಯೋಚನೆ ಒಂದೆರಡು ಬಾರಿ ಹೊಸ್ತಿಲಿಗೆ ಬಂದು ಇಣುಕಿತು, ಅವಳು ಸ್ತೋತ್ರದ ದನಿ ಏರಿಸಿದಳು, ಅದು ಹಿಂದಿರುಗಿತು. ದೇವರ ನಾಮವನ್ನು ಅಂಥ ಕೆಲಸಕ್ಕೆ ಹಚ್ಚಿದ್ದನ್ನು ದೇವರು ಕ್ಷಮಿಸಿರಬೇಕು; ಮರುದಿನ ನಡೆದದ್ದನ್ನು ನೋಡಿದರೆ ಹಾಗೆನಿಸುತ್ತದೆ.

ಮರುದಿನ ಮಧ್ಯಾಹ್ನ ಬಿಸಿಲು ಕಾಯುತ್ತಿದ್ದಂತೆಯೇ ದಕ್ಷಿಣದಿಂದ ಕಪ್ಪು ಮೋಡವೊಂದು ಎದ್ದು ಫಲಕಗಳ ಬಯಲನ್ನು ಮುಚ್ಚಿತು. ನಿಯಂತ್ರಣಕೋಣೆಯಲ್ಲಿ ಬೈಠಕ್ಕಿನ ವಿಷಯ ಹೇಳಲು ಬಂದಿದ್ದ ದಾಕ್ಷಾಯಣಿ ನಿಂತಿದ್ದಳು. ದಾವಲ್‌ಸಾಬನ ಮುಂದಿನ ಪರದೆಯಲ್ಲಿ ವಿದ್ಯುತ್ತಿನ ರೇಖೆ ನೆಲಕಚ್ಚಿತು. ವಿತರಣಾಕೇಂದ್ರದಿಂದ ಕರೆ ಬಂತು: ಪಂಪುಗಳೂ ಆಸ್ಪತ್ರೆಯೂ ನಿಲ್ಲುತ್ತವೆ, ಕೂಡಲೇ ಪೂರ್ಣಬಲದ ವಿದ್ಯುತ್ತು ಬೇಕು.

"ಆತ್ರಿ, ನಡುಬಾವಿ ಬಿಡ್ತೀನಿ. ಜೋರಲೇ ಬಿಡ್ಬೇಕಾಗ್ತದ" ಎಂದು ದಾವಲ್‌ಸಾಬ ಹಿಡಿಕೆಯನ್ನು ಮುಂದಕ್ಕೆ ತಳ್ಳಿದ. ನೆಲದಡಿಯಲ್ಲಿ ಗುಡುಗಿದಂತೆ ಸದ್ದಾಯಿತು. ಸಂಜೆ ಹೊತ್ತು ಆನೆಯ ನಡಿಗೆಯಲ್ಲಿ ಇಳಿಯುವ ಭಾರ ಈಗ ಬೀಳುವಂತೆ ಇಳಿಯತೊಡಗಿತು.

ದಾಕ್ಷಾಯಣಿಯ ಕಣ್ಣು ಪಕ್ಕದ ಪರದೆಯ ಮೇಲೆ ಹೋಯಿತು. ಮೂಡಣಬಾವಿಯ ಚಿತ್ರದಲ್ಲಿ, ನಡುಮಧ್ಯದಲ್ಲಿ, ಒಂದು ಹಸಿರು ಚುಕ್ಕಿ.

"ಅಲ್ಲೇನದು?"

"ತೊಟ್ಟಿಲರಿ. ಮಹಾನಂದಾ ಮೇಡಂ ಹಗ್ಗ ನೋಡಾಕ ಇಳದಾರ. ಆ ಬಾವಿ ಬಂದ್ ಅದ, ಭಾರ ತಳದಾಗ ಕುಂತದ. ಚಿಂತಿ ಇಲ್ರಿ."

ಗಣಿಯ ಕಾಲದಿಂದಲೂ ಎಲ್ಲರೂ ತೊಟ್ಟಿಲೆಂದೇ ಕರೆಯುವ ಆ ಕಬ್ಬಿಣದ ಪಂಜರ ನಿಂತಿದ್ದುದು, ಎರಡು ಬಾವಿಗಳನ್ನೂ ಹಿಂದೊಮ್ಮೆ ಕೂಡಿಸಿದ್ದ ಹಳೆಯ ಸುರಂಗದ ಬಾಯಿಗೆ ಎದುರಾಗಿ. ಸುರಂಗಕ್ಕೆ ಗೋಡೆ ಕಟ್ಟಿ ಮುಚ್ಚಿದೆ ಎಂದು ಎಲ್ಲ ನಕ್ಷೆಗಳೂ ಹೇಳುತ್ತಿದ್ದವು. ನಡುಬಾವಿಯ ಭಾರ ದಿನವೂ ನಡುಗುತ್ತಿದ್ದದ್ದು ಆ ಸುರಂಗದ ಮಟ್ಟದಲ್ಲಿಯೇ.

ಮೊರದಲ್ಲಿ ಕಲ್ಲು ಹುಡುಕುತ್ತ ಅವಳು ಹಿಂದಿರುಗಿಸಿದ್ದ ಯೋಚನೆ ಈ ಬಾರಿ ಅಪ್ಪಣೆ ಕೇಳಲಿಲ್ಲ. ಗೋಡೆ ಬಿದ್ದಿದೆ. ಭಾರ ಇಳಿಯುವಾಗ ತನ್ನ ಕೆಳಗಿನ ಗಾಳಿಯನ್ನೆಲ್ಲ ಒತ್ತುತ್ತದೆ. ಒತ್ತಿದ ಗಾಳಿ ಸುರಂಗಕ್ಕೆ ನುಗ್ಗುತ್ತದೆ. ಮೆಲ್ಲಗೆ ಇಳಿದರೆ ಊರಿನ ದೀಪ ಮಿಟುಕುತ್ತದೆ. ಹೀಗೆ ಬಿದ್ದರೆ, ಆ ಕಡೆಯ ಬಾಯಿಯಲ್ಲಿ ತೂಗುತ್ತಿರುವ ಪಂಜರ ಗೋಡೆಗೆ ಅಪ್ಪಳಿಸುತ್ತದೆ.

ಆಗ ಅವಳ ಮನಸ್ಸಿನಲ್ಲಿ ಮೂರು ಮಾತುಗಳು ಒಟ್ಟಿಗೆ ಎದ್ದವು. ಹೊಳೆದು ಮುಗಿಯಿತು, ಇನ್ನು ಗುರುವಾರ ದೀಪ ಹತ್ತುವುದಿಲ್ಲ. ತಪ್ಪಾದರೆ, ಆಸ್ಪತ್ರೆಯ ವಿದ್ಯುತ್ತನ್ನೇ ನಿಲ್ಲಿಸಿದವಳೆಂದು ಲೋಕ ನಗುತ್ತದೆ. ಮೂರನೆಯದನ್ನು ಅವಳು ಯೋಚಿಸಲಿಲ್ಲ. ಅದು ತಾನಾಗಿ ಬಂದು ಮುಖ ತೋರಿಸಿತು: ಗೇಟಿನ ಫೋಟೋ, ಮಲ್ಲಿಗೆಯ ಮಾಲೆ, ಅದನ್ನು ಇನ್ನು ತೆಗೆಯುವ ಅಗತ್ಯವಿಲ್ಲ.

ಅದರ ಮುಖವನ್ನು ನೋಡಿದ್ದೇ ಅವಳನ್ನು ಉಳಿಸಿತು. ಅದು ತನ್ನದೇ ಮುಖವಾಗಿತ್ತು.

"ದಾವಲ್‌ಸಾಬ, ನಿಲ್ಸು! ಭಾರ ನಿಲ್ಸು!"

"ಏನಂತೀರ್ರೀ ಮೇಡಂರ? ಆಸ್ಪತ್ರಿ—"

"ಸುರಂಗದ ಗ್ವಾಡಿ ಬಿದ್ದದ. ಗಾಳಿ ಆಕಡಿ ಹೊಂಟದ. ನಂದಾ ಅಲ್ಲೇ ಅದಾಳ!"

"ನಿಮಗ ಹೆಂಗ ಗೊತ್ತರಿ?"

"ನಮ್ಮನಿ ಬಾಗಲಾ!" ಎಂದು ಕೂಗಿದಳು ದಾಕ್ಷಾಯಣಿ. "ನಾ ನನ್ನ ಬಾಗಲಾ ಬಡದ್ರ ಆಕಿ ಬಾಗಲಾ ತೆರೀತದೋ ಮಾರಾಯ!"

ಇದಕ್ಕಿಂತ ದುರ್ಬಲವಾದ ಪ್ರಮಾಣವನ್ನು ಯಾವ ತಾರ್ಕಿಕನೂ ಸಭೆಯ ಮುಂದಿಟ್ಟಿರಲಾರ. ಆದರೆ ಈಜು ಕಲಿಸುವ ತನ್ನ ಮಾತನ್ನೂ ನಗದೆ ಹಲಗೆಯ ಮೇಲೆ ಬರೆದವಳು ಇವಳೆಂಬುದು ದಾವಲ್‌ಸಾಬನಿಗೆ ನೆನಪಿತ್ತು. ಅವನು ಅವಳ ಮುಖವನ್ನೊಮ್ಮೆ ನೋಡಿ ಹಿಡಿಕೆಯನ್ನು ಪೂರ್ತಿ ಹಿಂದಕ್ಕೆಳೆದ.

ಬ್ರೇಕುಗಳು ಚೀರಿದವು. ಅಷ್ಟು ದೊಡ್ಡ ಭಾರ ಒಮ್ಮೆಲೇ ನಿಲ್ಲುವುದಿಲ್ಲ. ಪರದೆಯ ಮೇಲೆ ಅದು ಜಾರುತ್ತ, ಜಾರುತ್ತ, ಸುರಂಗದ ಮಟ್ಟಕ್ಕೆ ತುಸು ಮೇಲೆ ಬಂದು ನಿಂತಿತು. ಆದರೂ ಗಾಳಿ ತನ್ನ ದಾರಿಯಲ್ಲಿ ಹೋಗಿತ್ತು. ಹಸಿರು ಚುಕ್ಕಿ ಒಂದೇ ಸಮನೆ ತೊನೆದಾಡಿತು. ದಾಕ್ಷಾಯಣಿ ಫೋನನ್ನು ಕಿವಿಗೊತ್ತಿಕೊಂಡು, "ನಂದಾ... ನಂದಾ... ಏ ನಂದವ್ವಾ..." ಎನ್ನುತ್ತಲೇ ಇದ್ದಳು. ಆ ಕಡೆ ಕಬ್ಬಿಣ ಕಲ್ಲಿಗೆ ಬಡಿಯುವ ಸದ್ದು. ಬಳಿಕ ಏನೂ ಇಲ್ಲ.

ಕೊನೆಗೆ ಕೆಮ್ಮು ಕೇಳಿಸಿತು. ಆಮೇಲೆ ದನಿ. "ಅಕ್ಕಾ... ನನ್ನ ಹೆಲ್ಮೆಟ್ ಹೋತು. ಕೆಳಗ ಬಿದ್ದ ಸಪ್ಪಳಾನೂ ಬರವಲ್ದು." ಮತ್ತೆ ಕೆಮ್ಮು. "ಮ್ಯಾಲ ಎಳೀರಿ."

ಆಸ್ಪತ್ರೆಗೆ ಬೇರೊಂದು ಬಾವಿಯಿಂದ ವಿದ್ಯುತ್ತು ಹೋಯಿತು. ಸ್ವಲ್ಪ ತಡವಾಯಿತು, ಯಾರಿಗೂ ಕೇಡಾಗಲಿಲ್ಲ.

ಸಂಜೆ ಮಹಾನಂದಾ ಕಟ್ಟೆಯ ಮೇಲೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದಳು. ಹಂಪಮ್ಮ ಅವಳಿಗೆ ದೃಷ್ಟಿ ತೆಗೆದು, ಗೇಟಿನ ಫೋಟೋಕ್ಕೆ ಮಾಲೆ ಹಾಕಿದವರ ವಂಶವನ್ನೆಲ್ಲ ಬೈಯುತ್ತ ಒಳಗೆ ಹೋದಳು. ದಾಕ್ಷಾಯಣಿ ಚಹಾದ ಬಟ್ಟಲು ತಂದು ಪಕ್ಕದಲ್ಲಿ ಕುಳಿತಳು.

"ಬಾಗಲಾ ಅಂದ್ಯಂತ" ಎಂದಳು ಮಹಾನಂದಾ. "ದಾವಲಣ್ಣ ಹೇಳಿದ."

"ಹೂಂ."

"ನನಗೂ ಹೊಳದಿತ್ತಕ್ಕಾ."

ದಾಕ್ಷಾಯಣಿ ತಿರುಗಿ ನೋಡಿದಳು.

"ನಿನ್ನೆ ಮುಂಜಾನೆ ನೀ ಎರಡು ಸಲ ಬಡದಿ ನೋಡು, ಆವಾಗ. ನನ್ನ ಬಾಗಲಾ ತೆರೀತು, ಸುರಂಗದ ನೆನಪು ಬಂತು. ತಲಿ ಝಂ ಅಂತು. ಲಗೂನ ರೇಡಿಯೋ ಹಚ್ಚಿದೆ. ಗುರುವಾರಕ್ಕ ಇಟ್ಟೆ."

"ಇಟ್ಟು, ಇವತ್ತ ಅದೇ ಸುರಂಗದ ಮುಂದ ತೊಟ್ಟಿಲದಾಗ ಕುಂತಿ?"

"ಇಟ್ಟ ಮ್ಯಾಲ ಅದರ ಕಡೆ ನೋಡಬಾರದಲ್ಲ!" ಮಹಾನಂದಾಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು. "ಎಷ್ಟು ಚೊಲೋ ಇಟ್ಟಿದ್ದೆ ಅಂದ್ರ, ನನಗೇ ಸಿಗಲಿಲ್ಲ."

ಕಣ್ಣೊರೆಸಿಕೊಂಡು ಅವಳೇ ಕೇಳಿದಳು. "ನೀ ಯಾಕ ಬಾಗಲಾ ಬಡೀತಿ, ಅಕ್ಕಾ?"

"ಗೊತ್ತಿಲ್ಲೇನು? ಹೊಟ್ಟಿಕಿಚ್ಚಿಗೆ."

"ಗೊತ್ತದ. ನಿನ್ನ ಬಾಯಿಲೇ ಕೇಳೂಣಂತ." ಚಹಾ ಗುಟುಕರಿಸಿದಳು. "ನನಗ ಇಲ್ಲಂತ ತಿಳದೀಯೇನು? ದೀಪ ಬರೂದಕ್ಕ ಮದಲ ನೀ ಬೋರ್ಡಿನ ಮುಂದ ನಿಂತ್ರ ಎಲ್ಲಾರೂ ನಿನ್ನ ಮಾರಿ ನೋಡ್ತಿದ್ರು. ನನಗೂ ಹಂಗ ಆಗಬೇಕನಸ್ತಿತ್ತು. ಈಗ ದೀಪ ನೋಡ್ತಾರ. ಹತ್ತಿತಾ, ಆರಿತಾ. ನನ್ನ ಮಾರಿ ಯಾರೂ ನೋಡಂಗಿಲ್ಲಕ್ಕಾ."

ನಡುಬಾವಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಇಬ್ಬರ ಬಾಗಿಲುಗಳೂ ಒಳಗೆ ಮೆಲ್ಲಗೆ ಒಂದಾದ ಮೇಲೊಂದು ಅಲುಗಿದವು.

ಸುದ್ದಿ ಕೇಂದ್ರದಲ್ಲೆಲ್ಲ ಹಬ್ಬಿತು. ಆಮೇಲೆ ಜನ ಚಹಾದಂಗಡಿಯಲ್ಲಿ, ಹಗ್ಗದ ಮನೆಯಲ್ಲಿ, ಎದುರಾದಲ್ಲೆಲ್ಲ ನಿಂತು, ತಾವು ಕಾದಿರಿಸಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳತೊಡಗಿದರು. ದಾವಲ್‌ಸಾಬ ಬ್ರೇಕಿನ ಬಗ್ಗೆ ಒಂದು ಸಂಶಯವನ್ನು ಅದೆಷ್ಟೋ ಕವಾಲಿಗಳಡಿ ಹೂತಿಟ್ಟಿದ್ದನೆಂದು ಗೊತ್ತಾಯಿತು. ಮತ್ತೊಬ್ಬಳು ಸಡಿಲವಾದ ಒಂದು ಏಣಿಯನ್ನು ನೋಡಿ, ಅದರ ಪರಿಹಾರ ಹೊಳೆಯದಿರಲೆಂದು ಬೇರೆ ದಾರಿ ಹಿಡಿದು ಓಡಾಡುತ್ತಿದ್ದಳು.

ಗುರುವಾರ ಎಲ್ಲರೂ ಹಣೆಪಟ್ಟಿ ಕಟ್ಟಿಕೊಂಡೇ ಕುಳಿತರು. ದಾಕ್ಷಾಯಣಿ ಸೀಮೆಸುಣ್ಣ ಹಿಡಿದಳು. ಒಬ್ಬೊಬ್ಬರಾಗಿ ಹೇಳಿದರು: ಬ್ರೇಕು, ಏಣಿ, ಸುರಂಗದ ಗೋಡೆ. ಹಲಗೆ ತುಂಬುತ್ತ ಬಂತು. ಒಂದು ದೀಪವೂ ಹತ್ತಲಿಲ್ಲ. ಎಲ್ಲವೂ ಮೊದಲೇ ಯೋಚಿಸಿ ಆಗಿತ್ತಲ್ಲ. ವರದೇಂದ್ರಾಚಾರ್ಯರು ಚಡಪಡಿಸಿ, ಮೇಜಿನ ಕೆಳಗೆ ಬಗ್ಗಿ ತಂತಿಗಳನ್ನು ಎಳೆದೆಳೆದು ನೋಡಿದರು.

"ಏನ್ರೀ ಇದು, ಕರೆಂಟು ಬರ್ತದ. ಯಂತ್ರ ಕೆಟ್ಟದೇನು?"

"ಯಂತ್ರ ಛಲೋ ಅದರಿ ಆಚಾರ್ರ" ಎಂದ ದಾವಲ್‌ಸಾಬ. "ಬೈಠಕ್ ಮದಲ್ನಂಗ ಆಗೇದ, ಅಷ್ಟ."

ಸುರಂಗಕ್ಕೆ ಗಟ್ಟಿಯಾದ ಹೊಸಗೋಡೆ ಕಟ್ಟಿ ಮುಚ್ಚಬೇಕೆಂಬುದು ದಾಕ್ಷಾಯಣಿಯ ಸಲಹೆ. ನಡೆಸುವವಳಾಗಿಯೂ ಅದನ್ನು ತಾನೇ ಮುಂದಿಟ್ಟು, ಹಲಗೆಯ ನಡುವೆ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಳು. ಅದರ ಕೆಳಗೆ ಗೆರೆ ಎಳೆಯಲು ಸಭೆಗೆ ಬೆನ್ನು ತಿರುಗಿಸಿದಾಗ ಹಿಂದಿನಿಂದ ಮಹಾನಂದಾಳ ದನಿ ಬಂತು.

"ಅದರ ಮ್ಯಾಲ ನಂದೊಂದು, ಅಕ್ಕಾ."

ಆ ಕೋಣೆ ಆ ಮಾತನ್ನು ಕೇಳಿ ಎಷ್ಟೋ ಕಾಲವಾಗಿತ್ತು.

"ಮುಚ್ಚೂದು ಬ್ಯಾಡ. ಅಷ್ಟು ಜೋರು ಗಾಳಿ ದಿನಾ ಹೊಂಟದಂದ್ರ, ಸುರಂಗದಾಗ ಗಾಳಿಗೆ ತಿರಗೋ ಒಂದು ರಾಟಿ ಕೂಡ್ಸೂಣು. ಗಾಳಿಗೂ ದಾರಿ ಆಗ್ತದ, ನಡುಕಾನೂ ನಿಲ್ತದ, ಮ್ಯಾಲ ಒಂದೀಟು ವಿದ್ಯುತ್ತೂ ಬರ್ತದ. ತೊಟ್ಟಿಲು ಇಳಿಯೂದು ಮಾತ್ರ ಭಾರ ನಿಂತಾಗಷ್ಟೇ ಅಂತ ಕಾಯ್ದೆ ಮಾಡೂಣು."

ದಾಕ್ಷಾಯಣಿಯ ಎದೆಯಲ್ಲಿ ಹಳೆಯ ಮುಳ್ಳು ಚುಚ್ಚಿತು. ಈ ಯೋಚನೆ ತನ್ನದಕ್ಕಿಂತ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದೂ ಅವಳಿಗೇ. ಹಿಂದೆ ಆ ದೀಪ ಹತ್ತಿತೋ ಇಲ್ಲವೋ? ತಿರುಗಿ ನೋಡಬೇಕೆಂಬ ಆಸೆ ಕತ್ತಿನವರೆಗೂ ಬಂದು ಅಲ್ಲಿ ಬಿಗಿಯಾಗಿ ನಿಂತಿತು. ಹಲ್ಲು ತಾವಾಗಿ ಕಚ್ಚಿಕೊಂಡವು.

ಅವಳು ತಿರುಗಲಿಲ್ಲ. ತಾನು ಬರೆದಿದ್ದ 'ಗೋಡೆ' ಎಂಬುದನ್ನು ಅಂಗೈಯಿಂದ ಒರೆಸಿ, ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ 'ರಾಟೆ' ಎಂದು ಬರೆದಳು. ಸೀಮೆಸುಣ್ಣ ಮುರಿಯಲಿಲ್ಲ.

"ಆತು" ಎಂದಳು, ಹಲಗೆಗೆ ಮುಖಮಾಡಿಕೊಂಡೇ. "ಅದರ ಮ್ಯಾಲ?"

ಈ ಕಥೆಯನ್ನು ಕೇಳಿದವರ ಮನೆಗಳಲ್ಲಿ ಬಾಗಿಲುಗಳು ಸಿಟ್ಟಿನಿಂದ ಬಡಿಯದಿರಲಿ. ಬಡಿದರೂ ಮತ್ತೊಬ್ಬರ ಬಾಗಿಲು ತೆರೆಯುವುದಕ್ಕಷ್ಟೇ ಆಗಲಿ. ಅವರಿಗೆ ಹೊಳೆದದ್ದು ಹೊಳೆದ ಗಳಿಗೆಯಲ್ಲೇ ನಾಲಗೆಗೆ ಬರಲಿ. ಆಳಕ್ಕಿಳಿದವರೆಲ್ಲ ಕ್ಷೇಮವಾಗಿ ಮೇಲೆ ಬರಲಿ. ಕೇಳಿದವರಿಗೂ ಕೇಳಿಸಿದವರಿಗೂ ತಾಯಿ ವಾಗ್ದೇವಿಯು ಅಸೂಯೆಯಿಲ್ಲದ ಮನಸ್ಸನ್ನು ಕರುಣಿಸಲಿ; ಸರ್ವರಿಗೂ ಮಂಗಳವಾಗಲಿ.